ಮಾಳಿಗೆಯ ಯಂತ್ರ, ಜಗಲಿಯ ಪರದೆ

ಪುಸ್ತಕಗಳ ಪುಟವಿನ್ಯಾಸ, ಹಳೆಯ ಪುಸ್ತಕಗಳ ಸ್ಕ್ಯಾನಿಂಗ್ ನನ್ನ ಕೆಲಸ. ಮನೆ ಸಾಗರದ ಕಡೆಯ ದಪ್ಪ ಗೋಡೆಯ ಹಳೆಯ ಮನೆ. ಸದ್ದೂ ಕಾವೂ ಜಾಸ್ತಿಯಿರುವ ದೊಡ್ಡ ಕಂಪ್ಯೂಟರು ಮಾಳಿಗೆಯಲ್ಲಿದೆ. ನಾನು ಕೂರುವುದು ಜಗಲಿಯಲ್ಲಿ, ಒಂದು ಹಗುರ ಲ್ಯಾಪ್‌ಟಾಪಿನ ಮುಂದೆ. ಒಳಕೋಣೆಯಲ್ಲಿ ಹಳೆಯ ಕನ್ನಡ ಫಾಂಟುಗಳಿರುವ ವಿಂಡೋಸ್ ಯಂತ್ರವೊಂದಿದೆ, ಅಟ್ಟದ ಮೇಲೆ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರು. ಮಾಳಿಗೆಯ ಪ್ರೋಗ್ರಾಂ ಮಾಳಿಗೆಯಲ್ಲೇ ಓಡುತ್ತದೆ, ಅದರ ವಿಂಡೋ ಮಾತ್ರ ನನ್ನ ಮುಂದೆ ತೆರೆಯುತ್ತದೆ. ವರ್ಷಗಳಿಂದ ನನ್ನ ದುಡಿಮೆ ನಡೆಯುತ್ತಿರುವುದು ಹೀಗೆಯೇ.

ಹೊಸ ಕಂಪ್ಯೂಟರು ಕೊಳ್ಳಲು ಹೊರಟ ಗೆಳೆಯರಿಗೆ, ಇರುವ ಯಂತ್ರಗಳನ್ನೇ ಹೀಗೆ ಹೊಂದಿಸಿಕೊಳ್ಳಿ ಎಂದು ಹೇಳುತ್ತಿರುತ್ತೇನೆ. ಹೊಂದಿಸುವಾಗ ಎದುರಾಗುವ ತೊಡಕುಗಳು ಹಲವು. ಆದರೆ ಅವುಗಳಲ್ಲಿ ಬಹುಪಾಲು, 'ಈ ಕೆಲಸ ಈಗ ಯಾವ ಯಂತ್ರದಲ್ಲಿ ನಡೆಯುತ್ತಿದೆ?' ಎಂದು ಕೇಳಿಕೊಂಡರೆ ಬಿಡಿಸಿಕೊಳ್ಳುತ್ತವೆ. ಕೆಳಗಿನ ಪಾಠಗಳೆಲ್ಲ ಆ ಪ್ರಶ್ನೆಯ ಸುತ್ತಲೇ ಇವೆ.

1. ಪರದೆ ಎಲ್ಲಿದೆಯೋ ಅಲ್ಲೇ ಸರ್ವರ್

ಲಿನಕ್ಸ್, ಯುನಿಕ್ಸ್ ಯಂತ್ರಗಳಲ್ಲಿ ವಿಂಡೋಗಳನ್ನು ದಶಕಗಳ ಕಾಲ ನಡೆಸಿಕೊಂಡು ಬಂದದ್ದು ಎಕ್ಸ್ ವಿಂಡೋ ಸಿಸ್ಟಂ. 1984ರಲ್ಲಿ ಅಮೆರಿಕದ ಎಂಐಟಿಯಲ್ಲಿ ಬಾಬ್ ಶೈಫ್ಲರ್ ಮತ್ತು ಜಿಮ್ ಗೆಟ್ಟಿಸ್ ಅದನ್ನು ಶುರು ಮಾಡಿದರು. 11ನೇ ಆವೃತ್ತಿ 1987ರಲ್ಲಿ ಬಂತು, ಇಂದಿಗೂ ಬಳಕೆಯಲ್ಲಿರುವುದು ಅದೇ. ಎಕ್ಸ್ ಹುಟ್ಟಿದಾಗ ಎಂಐಟಿಯಲ್ಲಿ ಅಥೀನಾ ಎಂಬ ಯೋಜನೆ ನಡೆಯುತ್ತಿತ್ತು. ಕ್ಯಾಂಪಸ್ಸಿನ ತುಂಬ ಐಬಿಎಂನವು, ಡಿಇಸಿಯವು ಎಂದು ಬೇರೆ ಬೇರೆ ಜಾತಿಯ ಯಂತ್ರಗಳು. ಯಾವ ಯಂತ್ರದ ಪ್ರೋಗ್ರಾಂ ಆದರೂ ಯಾವ ಯಂತ್ರದ ಪರದೆಯಲ್ಲಾದರೂ ಕಾಣಿಸಬೇಕಿತ್ತು. ಹಾಗಾಗಿ ನೆಟ್‌ವರ್ಕಿನ ಮೇಲೆ ವಿಂಡೋ ಕಳಿಸುವುದು ಎಕ್ಸ್‌ಗೆ ಆಮೇಲೆ ಅಂಟಿಸಿದ ಸೌಲಭ್ಯವಲ್ಲ, ಅದರ ಹುಟ್ಟಿನಲ್ಲೇ ಇದ್ದದ್ದು.

ಹೊಸಬರು ಎಡವುವುದು ಸರ್ವರ್ ಎಂಬ ಮಾತಿನಲ್ಲಿ. ವೆಬ್ ನೋಡಿ ಅಭ್ಯಾಸವಾದ ನಮಗೆ ಸರ್ವರ್ ಅಂದರೆ ದೂರದಲ್ಲಿರುವ ದೊಡ್ಡ ಯಂತ್ರ. ಎಕ್ಸ್‌ನಲ್ಲಿ ಸರ್ವರ್ ಎಂದರೆ ಪರದೆ, ಕೀಲಿಮಣೆ, ಮೌಸುಗಳನ್ನು ನೋಡಿಕೊಳ್ಳುವ ಪ್ರೋಗ್ರಾಂ. ನನಗೊಂದು ವಿಂಡೋ ಕೊಡು ಎಂದು ಅದನ್ನು ಕೇಳುವ ಪ್ರೋಗ್ರಾಂ ಕ್ಲೈಂಟ್. ನನ್ನ ಲೆಕ್ಕದಲ್ಲಿ ಜಗಲಿಯ ಬಡ ಲ್ಯಾಪ್‌ಟಾಪು ಸರ್ವರ್, ಮಾಳಿಗೆಯ ಬಲಶಾಲಿ ಯಂತ್ರ ಕ್ಲೈಂಟ್. ಇಷ್ಟು ತಲೆಗೆ ಹೋದರೆ ಎಲ್ಲಿ ಏನನ್ನು ಹಾಕಿಕೊಳ್ಳಬೇಕು ಎಂಬುದು ತಾನಾಗಿ ತಿಳಿಯುತ್ತದೆ. ಮುಂದೆ ಕೂರುವ ಯಂತ್ರದಲ್ಲಿ ಎಕ್ಸ್ ಸರ್ವರ್ ಇರಲೇಬೇಕು. ಲಿನಕ್ಸ್ ಡೆಸ್ಕ್‌ಟಾಪಿನಲ್ಲಿ ಅದು ಸಾಮಾನ್ಯವಾಗಿ ಇದ್ದೇ ಇರುತ್ತದೆ. ವಿಂಡೋಸ್ ಲ್ಯಾಪ್‌ಟಾಪಾದರೆ ವಿಸಿಎಕ್ಸ್‌ಸರ್ವ್ ಅಥವಾ ಮೊಬಾಎಕ್ಸ್‌ಟರ್ಮ್ ಹಾಕಿಕೊಳ್ಳಬೇಕು, ಮ್ಯಾಕ್ ಆದರೆ ಎಕ್ಸ್‌ಕ್ವಾರ್ಟ್ಜ್. 2012ರ ಮೌಂಟನ್ ಲಯನ್‌ನಿಂದ ಈಚೆಗೆ ಮ್ಯಾಕ್ ಜೊತೆ ಎಕ್ಸ್ ಬರುವುದಿಲ್ಲ. ಮಾಳಿಗೆಯ ಯಂತ್ರಕ್ಕೋ ಮಾನಿಟರೂ ಬೇಡ, ಎಕ್ಸ್ ಸರ್ವರೂ ಬೇಡ.

2. ಯಂತ್ರಗಳಿಗೆ ಹೆಸರಿಡಿ

ಕರೆಂಟು ಹೋಗಿ ಬಂದರೆ ರೂಟರು ಯಂತ್ರಗಳಿಗೆ ಬೇರೆ ವಿಳಾಸ ಹಂಚಬಹುದು. ನಿನ್ನೆ ಕೆಲಸ ಮಾಡಿದ ಆಜ್ಞೆ ಇವತ್ತು ಮಾಡುವುದಿಲ್ಲ. ರೂಟರಿನ ಡಿಎಚ್‌ಸಿಪಿ ಪುಟದಲ್ಲಿ ಪ್ರತಿ ಯಂತ್ರದ ಮ್ಯಾಕ್ ವಿಳಾಸಕ್ಕೆ ಒಂದು ಐಪಿ ವಿಳಾಸ ಕಾಯ್ದಿರಿಸಿ. ಲಿನಕ್ಸಿನಲ್ಲಿ ಅವಾಹಿ ಎಂಬ ಸೇವೆ ಚಾಲೂ ಇದ್ದರೆ ಯಂತ್ರದ ಹೆಸರಿನ ಕೊನೆಗೆ ಡಾಟ್ ಲೋಕಲ್ ಸೇರಿಸಿ ಕರೆದರೂ ಸಾಕು. ಹೆಸರು ಯಂತ್ರ ಇರುವ ಜಾಗದ್ದಾಗಿರಲಿ: ಮಾಳಿಗೆ, ಜಗಲಿ, ಅಟ್ಟ. ಬರೆಯುವುದು ಇಂಗ್ಲಿಷ್ ಅಕ್ಷರಗಳಲ್ಲೇ. ಆದರೆ ಆಜ್ಞೆ ಟೈಪ್ ಮಾಡುವಾಗಲೆಲ್ಲ ಯಾವ ಯಂತ್ರದ ಜೊತೆ ಮಾತಾಡುತ್ತಿದ್ದೇನೆ ಎಂಬುದು ಕಣ್ಣಿಗೆ ಹೊಡೆಯುತ್ತದೆ.

3. ದಾರಿ ಎಸ್‌ಎಸ್‌ಎಚ್ ಮೂಲಕವೇ

ಹಳೆಯ ಪುಸ್ತಕಗಳಲ್ಲಿ ಎಕ್ಸ್‌ಹೋಸ್ಟ್ ಆಜ್ಞೆಗೆ ಪ್ಲಸ್ ಚಿಹ್ನೆ ಕೊಟ್ಟು, ಡಿಸ್‌ಪ್ಲೇ ಎಂಬ ವೇರಿಯಬಲ್‌ನಲ್ಲಿ ನಾವು ಮುಂದೆ ಕೂತಿರುವ ಯಂತ್ರದ ಹೆಸರು ಬರೆದು ಕೆಲಸ ಸಾಗಿಸುವ ವಿಧಾನವಿದೆ. ಅದನ್ನು ಮಾಡಬೇಡಿ. ಆ ಪ್ಲಸ್ ಚಿಹ್ನೆಯ ಅರ್ಥ, ಯಾರು ಬೇಕಾದರೂ ನನ್ನ ಪರದೆಗೆ ಬರಬಹುದು ಎಂದು. ಬಂದವರು ವಿಂಡೋ ತೆರೆಯುವುದಷ್ಟೇ ಅಲ್ಲ, ನೀವು ಒತ್ತುವ ಕೀಲಿಗಳನ್ನೂ ಓದಬಹುದು. ಇಂದಿನ ಲಿನಕ್ಸ್‌ಗಳಲ್ಲಿ ಎಕ್ಸ್ ಸರ್ವರ್ ನೇರವಾಗಿ ನೆಟ್‌ವರ್ಕಿಗೆ ಕಿವಿಗೊಡುವುದನ್ನೇ ನಿಲ್ಲಿಸಿರುವುದರಿಂದ ಆ ವಿಧಾನ ನಡೆಯುವುದೂ ಇಲ್ಲ.

ಸರಿಯಾದ ದಾರಿ, ದೂರದ ಯಂತ್ರಕ್ಕೆ ಭದ್ರವಾಗಿ ಒಳಹೋಗುವ ಎಸ್‌ಎಸ್‌ಎಚ್. ಫಿನ್ಲೆಂಡಿನ ಹೆಲ್ಸಿಂಕಿ ತಾಂತ್ರಿಕ ವಿಶ್ವವಿದ್ಯಾಲಯದ ನೆಟ್‌ವರ್ಕಿನಿಂದ ಪಾಸ್‌ವರ್ಡುಗಳು ಕಳವಾದ ಮೇಲೆ ತಾತು ಇಲೋನೆನ್ 1995ರಲ್ಲಿ ಬರೆದದ್ದು ಅದು. ಮೊದಲಿಂದಲೂ ಅದರಲ್ಲಿ ಎಕ್ಸ್ ಸಂಪರ್ಕವನ್ನು ಗುಟ್ಟಾಗಿ ಹೊತ್ತೊಯ್ಯುವ ವ್ಯವಸ್ಥೆ ಇದೆ.

ಮೊದಲ ಸಲ ಮಾಡುವವರು ಇದನ್ನು ನಿಧಾನವಾಗಿ ನೋಡಬೇಕು. ಜಗಲಿಯ ಟರ್ಮಿನಲ್‌ನಲ್ಲಿ ಎಸ್‌ಎಸ್‌ಎಚ್ ಎಂದು ಬರೆದು, ಅಡ್ಡಗೆರೆಯ ಜೊತೆ ದೊಡ್ಡಕ್ಷರದ ಎಕ್ಸ್ ಸೇರಿಸಿ, ಮಾಳಿಗೆಯ ಹೆಸರು ಕೊಟ್ಟು ಒಳಹೋಗಿ. ಈಗ ಬೆರಳು ಜಗಲಿಯಲ್ಲಿದ್ದರೂ ಆಜ್ಞೆ ನಡೆಯುತ್ತಿರುವುದು ಮಾಳಿಗೆಯಲ್ಲಿ. ಎಕೋ ಆಜ್ಞೆಯಿಂದ ಡಿಸ್‌ಪ್ಲೇ ವೇರಿಯಬಲ್‌ನ ಬೆಲೆ ಕೇಳಿ. ಲೋಕಲ್‌ಹೋಸ್ಟ್, ಕೋಲನ್, 10.0 ಎಂದು ಬರಬೇಕು. ಅಂದರೆ ಮಾಳಿಗೆಯ ಯಂತ್ರದೊಳಗೇ ಹತ್ತನೇ ನಂಬರಿನ ಒಂದು ಹುಸಿ ಪರದೆ ಹುಟ್ಟಿದೆ. ಎಕ್ಸ್‌ನ ಪೋರ್ಟುಗಳು 6000ದಿಂದ ಶುರುವಾಗುತ್ತವೆ, ಹತ್ತನೆಯದು 6010. ಆ ಪೋರ್ಟಿನಲ್ಲಿ ಕಾದು ಕುಳಿತಿರುವುದು ಎಸ್‌ಎಸ್‌ಎಚ್. ಪ್ರೋಗ್ರಾಂ ಅದನ್ನೇ ಪರದೆ ಎಂದು ನಂಬಿ ಬಿಡಿಸುತ್ತದೆ, ಎಸ್‌ಎಸ್‌ಎಚ್ ಅದನ್ನೆಲ್ಲ ಬೀಗ ಹಾಕಿ ಜಗಲಿಗೆ ಸಾಗಿಸುತ್ತದೆ. ಈಗ ಎಕ್ಸ್‌ಕ್ಲಾಕ್ ಎಂದು ಟೈಪ್ ಮಾಡಿ. ಪುಟ್ಟ ಗಡಿಯಾರ ಜಗಲಿಯ ಪರದೆಯಲ್ಲಿ ತೆರೆದರೆ ದಾರಿ ಪೂರ್ತಿ ಸರಿಯಿದೆ. ಅದು ತೋರಿಸುವ ಹೊತ್ತು ಮಾಳಿಗೆಯ ಯಂತ್ರದ್ದು.

ಡಿಸ್‌ಪ್ಲೇ ಖಾಲಿ ಬಂದರೆ ತಪ್ಪಿರುವುದು ಸಾಮಾನ್ಯವಾಗಿ ಎರಡರಲ್ಲೊಂದು, ಎರಡೂ ಮಾಳಿಗೆಯ ಕಡೆಯವು. ಎಸ್‌ಎಸ್‌ಎಚ್ ಸೇವೆಯ ಸಂರಚನಾ ಫೈಲಿನಲ್ಲಿ ಎಕ್ಸ್11 ಫಾರ್ವರ್ಡಿಂಗ್ ಎಂಬ ಸಾಲು 'ಯೆಸ್' ಆಗಿರುವುದಿಲ್ಲ, ಇಲ್ಲವೇ ಎಕ್ಸ್‌ಆಥ್ ಎಂಬ ಪುಟ್ಟ ಪ್ರೋಗ್ರಾಂ ಅಲ್ಲಿ ಇರುವುದಿಲ್ಲ. ಪರದೆಗೆ ಬರಲು ಬೇಕಾದ ಗುಟ್ಟಿನ ಸಂಕೇತವನ್ನು, ಅಂದರೆ ಕುಕಿಯನ್ನು, ಇಟ್ಟುಕೊಳ್ಳುವುದು ಎಕ್ಸ್‌ಆಥ್. ಮಾನಿಟರ್ ಇಲ್ಲದ ಯಂತ್ರಕ್ಕೆ ಕನಿಷ್ಠ ಲಿನಕ್ಸ್ ಹಾಕಿದಾಗ ಅದು ಬಿಟ್ಟುಹೋಗಿರುತ್ತದೆ. ಡಿಸ್‌ಪ್ಲೇಯ ಬೆಲೆಯನ್ನು ಕೈಯಾರೆ ಬರೆದು ಸರಿಮಾಡಲು ಹೋಗಬೇಡಿ. ಎಸ್‌ಎಸ್‌ಎಚ್ ತಾನೇ ಬರೆಯದಿದ್ದರೆ ಹಿಂದಿನ ಯಾವುದೋ ಕೊಂಡಿ ಕೂಡಿಲ್ಲ ಎಂದೇ ಅರ್ಥ. ಸುಡೊ ಹಾಕಿ ಓಡಿಸಿದ ಪ್ರೋಗ್ರಾಂ ಮಾತ್ರ ತೆರೆಯದೆ ಹೋದರೆ ಅದಕ್ಕೂ ಕಾರಣ ಕುಕಿಯೇ. ಅದು ನಿಮ್ಮ ಹೆಸರಿನಲ್ಲಿದೆ, ರೂಟ್‌ನ ಕೈಯಲ್ಲಿಲ್ಲ.

4. ನಂಬುಗೆಯ ಯಂತ್ರಕ್ಕಷ್ಟೇ ಪರದೆ ಕೊಡಿ

ದೊಡ್ಡಕ್ಷರದ ಎಕ್ಸ್ ಬದಲು ದೊಡ್ಡಕ್ಷರದ ವೈ ಆಯ್ಕೆಯೂ ಇದೆ. ಎಕ್ಸ್ ಎಂದರೆ ಅನುಮಾನದಿಂದ ಒಳಬಿಡುವುದು, ವೈ ಎಂದರೆ ಪೂರ್ತಿ ನಂಬಿ ಬಿಡುವುದು. ಅನುಮಾನದ ದಾರಿಯಲ್ಲಿ ಕೆಲವು ಪ್ರೋಗ್ರಾಂಗಳು ಅರ್ಧಕ್ಕೆ ಬೀಳುತ್ತವೆ, 20 ನಿಮಿಷ ಕಳೆದ ಮೇಲೆ ಹೊಸ ವಿಂಡೋ ತೆರೆಯದೆ ಹೋಗಬಹುದು. ಡೆಬಿಯನ್, ಉಬುಂಟುಗಳಲ್ಲಿ ಎಕ್ಸ್ ಕೊಟ್ಟರೂ ಪೂರ್ವನಿಯೋಜಿತವಾಗಿ ವೈ ಕೊಟ್ಟಂತೆಯೇ ನಡೆಯುತ್ತದೆ. ತೊಂದರೆ ಕಾಣಿಸದೆ ಇರುವುದಕ್ಕೆ ಅದೇ ಕಾರಣ, ಎಚ್ಚರಿಕೆ ಬೇಕಿರುವುದೂ ಅದಕ್ಕೇ. ಒಂದೇ ಎಕ್ಸ್ ಪರದೆಯಲ್ಲಿರುವ ಪ್ರೋಗ್ರಾಂಗಳ ನಡುವೆ ಗೋಡೆ ಇಲ್ಲ. ದೂರದಿಂದ ಬಂದ ಒಂದು ವಿಂಡೋ, ಪಕ್ಕದ ವಿಂಡೋದಲ್ಲಿ ನೀವು ಬರೆಯುವ ಪಾಸ್‌ವರ್ಡನ್ನೂ ಕೇಳಿಸಿಕೊಳ್ಳಬಹುದು. ನನ್ನ ಮಾಳಿಗೆಯ ಯಂತ್ರಕ್ಕೆ ಈ ನಂಬುಗೆ ಕೊಡುತ್ತೇನೆ. ಕಚೇರಿಯ ಹಂಚಿಕೆಯ ಸರ್ವರಿಗೋ ಬೇರೆಯವರ ಯಂತ್ರಕ್ಕೋ ಕೊಡುವುದಿಲ್ಲ.

5. ಎಷ್ಟು ಎಂಬಿಪಿಎಸ್ ಎನ್ನುವುದಕ್ಕಿಂತ ಎಷ್ಟು ತಡ ಎಂದು ನೋಡಿ

ವಿಂಡೋ ತೆವಳುತ್ತಿದೆ ಎಂದು ದೂರುವವರು ಮೊದಲು ಅಳೆಯುವುದು ನೆಟ್‌ವರ್ಕಿನ ವೇಗವನ್ನು. ಅದು ಅಗತ್ಯವೇ. ಆದರೆ ಎಕ್ಸ್ ನರಳುವುದು ಹೆಚ್ಚಾಗಿ ತಡದಿಂದ. ಪ್ರೋಗ್ರಾಂ ತೆರೆಯುವಾಗ ಪರದೆಯನ್ನು ಒಂದರ ಹಿಂದೊಂದು ಪ್ರಶ್ನೆ ಕೇಳುತ್ತದೆ: ಬಣ್ಣ ಎಷ್ಟು, ಈ ಹೆಸರಿಗೆ ನಂಬರು ಯಾವುದು, ಆ ವಿಂಡೋದ ಅಳತೆ ಎಷ್ಟು. ಉತ್ತರ ಬರುವ ತನಕ ಹಲವು ಪ್ರೋಗ್ರಾಂಗಳು ಮುಂದೆ ಹೋಗುವುದಿಲ್ಲ. ಮುನ್ನೂರು ಪ್ರಶ್ನೆ ಎಂದಿಟ್ಟುಕೊಳ್ಳಿ. ತಂತಿಯಲ್ಲಿ ಹೋಗಿಬರಲು 0.3 ಮಿಲಿಸೆಕೆಂಡ್ ಆದರೆ ಒಟ್ಟು ತಡ ಸೆಕೆಂಡಿನ ಹತ್ತನೇ ಒಂದು ಭಾಗಕ್ಕೂ ಕಡಿಮೆ. ವೈಫೈಯಲ್ಲಿ 5 ಮಿಲಿಸೆಕೆಂಡ್ ಆದರೆ ಒಂದೂವರೆ ಸೆಕೆಂಡ್. ಮೊಬೈಲ್ ನೆಟ್‌ವರ್ಕಿನ ಮೇಲೆ 60 ಮಿಲಿಸೆಕೆಂಡ್ ಆದರೆ 18 ಸೆಕೆಂಡ್. ವೇಗ ಎಷ್ಟೇ ಹೆಚ್ಚಿಸಿದರೂ ಈ 18 ಸೆಕೆಂಡ್ ಇಳಿಯುವುದಿಲ್ಲ.

ಇನ್ನೊಂದು ಬದಲಾವಣೆ ಪ್ರೋಗ್ರಾಂಗಳ ಒಳಗೇ ಆಗಿದೆ. ಎಕ್ಸ್ ಹುಟ್ಟಿದ ಕಾಲದಲ್ಲಿ ಅವು ಕಳಿಸುತ್ತಿದ್ದದ್ದು ಸೂಚನೆಗಳನ್ನು: ಇಲ್ಲಿಂದ ಅಲ್ಲಿಗೆ ಗೆರೆ ಎಳೆ, ಇಲ್ಲಿ ಈ ಅಕ್ಷರ ಬರೆ. ಇಂದಿನ ಜಿಟಿಕೆ, ಕ್ಯೂಟಿ ಬಳಸುವ ಪ್ರೋಗ್ರಾಂಗಳು ಬಹುಪಾಲು ಚಿತ್ರವನ್ನು ತಾವೇ ಬಿಡಿಸಿ ಮುಗಿಸಿ, ಆದ ಪಿಕ್ಸೆಲ್‌ಗಳನ್ನು ಕಳಿಸುತ್ತವೆ. ಏಳು ಚುಕ್ಕಿ, ನಡುಚುಕ್ಕಿ ಒಂದಕ್ಕೆ ನಿಲ್ಲಿಸು ಎಂದು ಫೋನಿನಲ್ಲಿ ರಂಗೋಲಿ ಹೇಳಿಕೊಡುವುದಕ್ಕೂ ಬಿಡಿಸಿದ ರಂಗೋಲಿಯ ಫೋಟೊ ಕಳಿಸುವುದಕ್ಕೂ ಇರುವ ಅಂತರ ಇದು. ಒಂದೇ ಯಂತ್ರದೊಳಗೆ ಇದರಿಂದ ತೊಂದರೆಯಿಲ್ಲ, ಪ್ರೋಗ್ರಾಮೂ ಪರದೆಯೂ ಮೆಮೊರಿಯನ್ನು ಹಂಚಿಕೊಳ್ಳುತ್ತವೆ. ಎರಡು ಯಂತ್ರಗಳ ನಡುವೆ ಆ ಹಂಚಿಕೆ ಸಾಧ್ಯವಿಲ್ಲ. ಲೆಕ್ಕ ಹಾಕಿ ನೋಡಿ: 1920ಕ್ಕೆ 1080ರ ಪರದೆ, ಪಿಕ್ಸೆಲ್ಲಿಗೆ 4 ಬೈಟ್, ಒಂದು ಚಿತ್ರಕ್ಕೆ ಸುಮಾರು 8.3 ಎಂಬಿ. ಸೆಕೆಂಡಿಗೆ 60 ಚಿತ್ರ ಎಂದರೆ ಸುಮಾರು 4 ಗಿಗಾಬಿಟ್. ಮನೆಯ ಗಿಗಾಬಿಟ್ ತಂತಿ ಹೊರುವುದು ಅದರ ಕಾಲು ಭಾಗ.

ಆದ್ದರಿಂದ ಯಾವುದನ್ನು ಹೀಗೆ ಓಡಿಸಬೇಕು ಎಂಬುದರಲ್ಲಿ ವಿವೇಕ ಬೇಕು. ಸ್ಕ್ಯಾನ್‌ಟೇಲರ್ ನನಗೆ ತೀರ ಹೊಂದುವ ಪ್ರೋಗ್ರಾಂ. ಸ್ಕ್ಯಾನ್ ಮಾಡಿದ ಪುಟಗಳ ಓರೆ ತಿದ್ದಿ, ಅಂಚು ಕತ್ತರಿಸುವ ಭಾರದ ಲೆಕ್ಕವೆಲ್ಲ ಮಾಳಿಗೆಯ ಪ್ರೊಸೆಸರಿನದು, ಪರದೆಯಲ್ಲಿ ಅಲುಗುವುದು ಸ್ವಲ್ಪವೇ. ಟೆಸರಾಕ್ಟ್‌ನಿಂದ ಕನ್ನಡ ಅಕ್ಷರಗಳನ್ನು ಗುರುತಿಸುವ ಜಿಇಮೇಜ್‌ರೀಡರ್ ಕೂಡ ಹಾಗೆಯೇ. ವಿಡಿಯೊ ನೋಡುವುದು, ಬ್ರೌಸರಿನಲ್ಲಿ ಉದ್ದ ಪುಟ ಉರುಳಿಸುವುದು, ಮೂರು ಆಯಾಮದ ಚಿತ್ರ ತಿರುಗಿಸುವುದು ಈ ದಾರಿಗೆ ಹೊಂದುವುದಿಲ್ಲ. ಹಾರ್ಡ್‌ವೇರ್ ಎನ್‌ಕೋಡರಿನಿಂದ ಪರದೆಯನ್ನು ವಿಡಿಯೊ ಆಗಿಸಿ ಕಳಿಸುವ ಸನ್‌ಶೈನ್, ಅದನ್ನು ತೋರಿಸುವ ಮೂನ್‌ಲೈಟ್ ಎಂಬ ಜೋಡಿಯೇ ಅದಕ್ಕೆ ಸರಿ.

ಎಸ್‌ಎಸ್‌ಎಚ್‌ಗೆ ಸಂಕುಚಿತಗೊಳಿಸುವ ದೊಡ್ಡಕ್ಷರದ ಸಿ ಆಯ್ಕೆ ಕೊಡಿ ಎಂದು ಸಲಹೆ ಕೊಡುವವರಿದ್ದಾರೆ. ನಿಧಾನದ ಸಂಪರ್ಕದಲ್ಲಿ ಅದು ಉಪಕಾರಿ. ಮನೆಯೊಳಗಿನ ಗಿಗಾಬಿಟ್ ತಂತಿಯಲ್ಲಿ ಪ್ರೊಸೆಸರಿಗೆ ವೃಥಾ ಕೆಲಸ.

6. ಓಡಾಡದ ಯಂತ್ರಕ್ಕೆ ತಂತಿ ಎಳೆಯಿರಿ

ನಮ್ಮ ಕಡೆಯ ಜಂಬಿಟ್ಟಿಗೆ ಗೋಡೆ, ಮಣ್ಣಿನ ಗೋಡೆಗಳ ಮುಂದೆ 5 ಗಿಗಾಹರ್ಟ್ಜ್ ವೈಫೈ ಸೋಲುತ್ತದೆ. 2.4 ದಾಟುತ್ತದೆ, ಆದರೆ ತಡ ಒಂದೇ ಸಮ ಇರುವುದಿಲ್ಲ. ಪಿಂಗ್ ಹಾಕಿ ಸ್ವಲ್ಪ ಹೊತ್ತು ನೋಡಿ. 3, 4, 3 ಎಂದು ಬರುತ್ತಿದ್ದ ಸಂಖ್ಯೆ ಇದ್ದಕ್ಕಿದ್ದಂತೆ 120 ಆಗಿ ಮತ್ತೆ 4ಕ್ಕೆ ಇಳಿದರೆ ಲ್ಯಾಪ್‌ಟಾಪಿನ ವೈಫೈ ವಿದ್ಯುತ್ ಉಳಿಸಲು ತೂಕಡಿಸುತ್ತಿರಬಹುದು. ಪವರ್ ಸೇವ್ ಆಯ್ಕೆ ನಿಲ್ಲಿಸಿದರೆ ಅನೇಕ ಸಲ ಸರಿಹೋಗುತ್ತದೆ. ನಿಂತಲ್ಲೇ ನಿಲ್ಲುವ ಯಂತ್ರಕ್ಕಂತೂ ತಂತಿಯೇ ಸೈ. ಕ್ಯಾಟ್ 5ಇ ಅಥವಾ ಕ್ಯಾಟ್ 6 ತಂತಿ 100 ಮೀಟರಿನವರೆಗೆ ಗಿಗಾಬಿಟ್ ಹೊರುತ್ತದೆ.

ಮಲೆನಾಡಿನಲ್ಲಿ ಸಿಡಿಲಿನ ಲೆಕ್ಕವನ್ನೂ ಇಡಬೇಕು. ಮುಂಗಾರಿಗೆ ಮೊದಲಿನ ಗುಡುಗುಮಳೆಯಲ್ಲಿ ಪ್ಲಗ್ ಕಿತ್ತಿಡುವುದು ಎಲ್ಲರಿಗೂ ರೂಢಿ. ನೆಟ್‌ವರ್ಕಿನ ತಂತಿ ಮಾತ್ರ ಹಾಗೇ ಉಳಿದಿರುತ್ತದೆ. ಅದೂ ತಾಮ್ರವೇ. ಒಂದು ಕಡೆಯ ಹೊಡೆತ ಇನ್ನೊಂದು ಕಡೆಯ ಯಂತ್ರಕ್ಕೂ ಹೋಗುತ್ತದೆ. ಮನೆಯಿಂದ ಕೊಟ್ಟಿಗೆಗೋ ಹೊರಗಿನ ಕೋಣೆಗೋ ಬಯಲಿನಲ್ಲಿ ತಂತಿ ಹಾಯಿಸುವುದಾದರೆ ಆ ತುಂಡಿಗೆ ತಾಮ್ರ ಬಿಟ್ಟು ಆಪ್ಟಿಕಲ್ ಫೈಬರ್ ಹಾಕಿ. ಅದರಲ್ಲಿ ಕರೆಂಟು ಹರಿಯುವುದಿಲ್ಲ.

ತಂತಿಯಿಂದ ಇನ್ನೊಂದು ಲಾಭ, ವೇಕ್-ಆನ್-ಲ್ಯಾನ್. ಮಲಗಿರುವ ಮಾಳಿಗೆಯ ಯಂತ್ರವನ್ನು ಜಗಲಿಯಿಂದಲೇ ಎಬ್ಬಿಸಬಹುದು. ಬಯೋಸ್‌ನಲ್ಲಿ ಅದನ್ನು ಚಾಲೂ ಮಾಡಿ, ಅದರ ಮ್ಯಾಕ್ ವಿಳಾಸ ಬರೆದಿಟ್ಟುಕೊಂಡರೆ ಆಯಿತು.

7. ಫಾಂಟು ಅಲ್ಲಿ, ಕೀಲಿಮಣೆ ಇಲ್ಲಿ

ಕನ್ನಡದಲ್ಲಿ ಕೆಲಸ ಮಾಡುವವರಿಗೆ ಎಲ್ಲಕ್ಕಿಂತ ಮುಖ್ಯವಾದ ಪಾಠ ಇದು. ಇಂಗ್ಲಿಷ್ ಪುಸ್ತಕಗಳಲ್ಲಿ ಇದಕ್ಕೆ ಸಿಗುವ ಜಾಗ ತೀರ ಕಡಿಮೆ.

ಜಗಲಿಯ ಲ್ಯಾಪ್‌ಟಾಪಿನಲ್ಲಿ ಕನ್ನಡ ಚೆನ್ನಾಗಿ ಕಾಣುತ್ತದೆ. ಮಾಳಿಗೆಯಿಂದ ಬಂದ ವಿಂಡೋದಲ್ಲಿ ಮಾತ್ರ 'ಕನ್ನಡ' ಎಂಬ ಪದದ ಜಾಗದಲ್ಲಿ ಐದು ಚೌಕಗಳು ನಿಂತಿರುತ್ತವೆ. ಹತ್ತಿರದಿಂದ ನೋಡಿದರೆ ಮೊದಲ ಚೌಕದೊಳಗೆ 0ಸಿ95 ಎಂದು ಸಣ್ಣದಾಗಿ ಬರೆದಿರುತ್ತದೆ. ಅದು ಯುನಿಕೋಡ್‌ನಲ್ಲಿ 'ಕ'ದ ಸಂಖ್ಯೆ. ಮುಂದಿನವು ನಕಾರ, ಹಲಂತ ಚಿಹ್ನೆ, ಮತ್ತೊಂದು ನಕಾರ, ಡಕಾರ. ಪಠ್ಯ ಕೆಟ್ಟಿಲ್ಲ, ಅಕ್ಷರಗಳು ಸರಿಯಾಗಿಯೇ ಇವೆ. ಬಿಡಿಸಲು ಫಾಂಟು ಸಿಕ್ಕಿಲ್ಲ. ಇಂದಿನ ಪ್ರೋಗ್ರಾಂಗಳು ಅಕ್ಷರವನ್ನು ತಾವು ಓಡುವ ಯಂತ್ರದಲ್ಲೇ ಬಿಡಿಸುವುದರಿಂದ, ಒತ್ತಕ್ಷರ ಜೋಡಿಸುವ ಹಾರ್ಫ್‌ಬಜ್‌ನ ಕೆಲಸವೂ ಅಲ್ಲೇ ನಡೆಯುವುದರಿಂದ, ಫಾಂಟು ಇರಬೇಕಾದದ್ದು ಮಾಳಿಗೆಯಲ್ಲಿ. ಲೋಹಿತ್, ನವಿಲು, ನೋಟೊ ಸಾನ್ಸ್ ಕನ್ನಡ ಇವುಗಳಲ್ಲಿ ಯಾವುದನ್ನಾದರೂ ಅಲ್ಲಿ ಹಾಕಿ, ಪ್ರೋಗ್ರಾಂ ಮುಚ್ಚಿ ತೆರೆಯಿರಿ. ಪರದೆಯೇ ಇಲ್ಲದ ಯಂತ್ರಕ್ಕೆ ಫಾಂಟು ಏಕೆ ಎಂದು ಕೈಬಿಟ್ಟಿರುವುದರಿಂದಲೇ ಈ ತೊಡಕು ಸಾಮಾನ್ಯ.

ಕೀಲಿಮಣೆಯದು ಇದಕ್ಕೆ ತಿರುಗುಮುರುಗು. ಎಕ್ಸ್‌ನಲ್ಲಿ ಕೀಲಿಮಣೆ ಪರದೆಯ ಕಡೆಯದು. ಜಗಲಿಯಲ್ಲಿ ಕಗಪ ವಿನ್ಯಾಸವನ್ನು ಎಕ್ಸ್‌ಕೆಬಿಯಲ್ಲಿ ಆರಿಸಿಕೊಂಡಿದ್ದರೆ ಮಾಳಿಗೆಯ ವಿಂಡೋದಲ್ಲೂ ಅದೇ ನಡೆಯುತ್ತದೆ, ಅಲ್ಲಿ ಏನನ್ನೂ ಮಾಡಬೇಕಿಲ್ಲ. ಐಬಸ್ ಎಂಬ ಇನ್‌ಪುಟ್ ವ್ಯವಸ್ಥೆ ಬಳಸುವವರಿಗೆ ಒಂದು ಹೆಜ್ಜೆ ಹೆಚ್ಚು. ಐಬಸ್ ಪ್ರೋಗ್ರಾಂಗಳ ಜೊತೆ ಮಾತಾಡುವುದು ಡಿ-ಬಸ್ ಎಂಬ ಒಳದಾರಿಯಲ್ಲಿ, ಆ ದಾರಿ ಒಂದು ಯಂತ್ರದಿಂದ ಇನ್ನೊಂದಕ್ಕೆ ಎಕ್ಸ್ ಜೊತೆ ಹೋಗುವುದಿಲ್ಲ. ಮಾಳಿಗೆಯಲ್ಲಿ ಪ್ರೋಗ್ರಾಂ ಓಡಿಸುವ ಮೊದಲು ಜಿಟಿಕೆಯ ಇನ್‌ಪುಟ್ ಮಾಡ್ಯೂಲನ್ನು ಎಕ್ಸ್‌ಐಎಂ ಎಂದೂ, ಎಕ್ಸ್‌ಮಾಡಿಫೈಯರ್ಸ್ ವೇರಿಯಬಲ್‌ಅನ್ನು ಐಬಸ್ ಎಂದೂ ಹೊಂದಿಸಿದರೆ, ಹಳೆಯ ಎಕ್ಸ್‌ಐಎಂ ದಾರಿಯನ್ನು ಇನ್ನೂ ಬಲ್ಲ ಪ್ರೋಗ್ರಾಂಗಳಲ್ಲಿ ಅದನ್ನು ಹಿಡಿದು ಕನ್ನಡ ಬರುತ್ತದೆ.

ಇಡೀ ಡೆಸ್ಕ್‌ಟಾಪ್ ತರಿಸಿಕೊಳ್ಳುವ ಆರ್‌ಡಿಪಿಯಲ್ಲಿ ನಿಯಮ ಮತ್ತೆ ಬದಲು. ಅದು ಕಳಿಸುವುದು ಯಾವ ಕೀಲಿ ಒತ್ತಿದಿರಿ ಎಂಬ ಸಂಖ್ಯೆಯನ್ನು, ಅಕ್ಷರ ತೀರ್ಮಾನವಾಗುವುದು ದೂರದ ಯಂತ್ರದಲ್ಲಿ. ಆರ್‌ಡಿಪಿಯಲ್ಲೂ ಇಡೀ ಡೆಸ್ಕ್‌ಟಾಪ್ ತರುವ ಇನ್ನೊಂದು ವ್ಯವಸ್ಥೆಯಾದ ವಿಎನ್‌ಸಿಯಲ್ಲೂ ನಾನು ಮುಂದಿನ ಯಂತ್ರವನ್ನು ಇಂಗ್ಲಿಷಿನಲ್ಲಿಟ್ಟು ದೂರದ ಯಂತ್ರದಲ್ಲಿ ಕನ್ನಡ ಆರಿಸುತ್ತೇನೆ. ಎರಡೂ ಕಡೆ ಕನ್ನಡ ಇಟ್ಟರೆ ಒಂದರ ಮೇಲೊಂದು ಪರಿವರ್ತನೆಯಾಗಿ ಅಕ್ಷರ ಕಲಸಿಹೋಗುತ್ತದೆ.

8. ಕೊಂಡಿ ಕಳಚಿದರೆ ಪ್ರೋಗ್ರಾಂ ಸಾಯುತ್ತದೆ

ಎಸ್‌ಎಸ್‌ಎಚ್ ಮೂಲಕ ತೆರೆದ ವಿಂಡೋಗೆ ಪರದೆಯೇ ಜೀವ. ಲ್ಯಾಪ್‌ಟಾಪ್ ಮುಚ್ಚಿದಿರಿ, ರೂಟರಿನ ಕರೆಂಟು ಹೋಯಿತು, ವೈಫೈ ತಪ್ಪಿತು ಎಂದು ಎಸ್‌ಎಸ್‌ಎಚ್ ಸಂಪರ್ಕ ಕಡಿದರೆ ಮಾಳಿಗೆಯ ಪ್ರೋಗ್ರಾಂ ಪರದೆ ಕಳೆದುಕೊಂಡು ನಿಂತುಬಿಡುತ್ತದೆ. ಉಳಿಸದ ಕೆಲಸವೂ ಹೋಯಿತು. ಟರ್ಮಿನಲ್ ಪ್ರೋಗ್ರಾಂಗಳನ್ನು ಕಾಯುವ ಟಿಮಕ್ಸ್ ಇಲ್ಲಿ ಉಪಯೋಗಕ್ಕೆ ಬಾರದು.

ಇದಕ್ಕೆ ನನ್ನ ಉತ್ತರ ಎಕ್ಸ್‌ಪ್ರಾ. ಅದು ಮಾಳಿಗೆಯಲ್ಲೇ ಒಂದು ಕಾಣದ ಪರದೆ ಹೂಡಿ ಪ್ರೋಗ್ರಾಂಅನ್ನು ಅದಕ್ಕೆ ಕಟ್ಟಿಹಾಕುತ್ತದೆ. ಜಗಲಿಗೆ ಬರುವುದು ಅದರ ಪ್ರತಿಬಿಂಬ, ಸಂಕುಚಿತಗೊಂಡ ಚಿತ್ರವಾಗಿ. ಕೊಂಡಿ ಕಳಚಿದರೂ ಪ್ರೋಗ್ರಾಂ ಅಲ್ಲಿ ನಡೆಯುತ್ತಲೇ ಇರುತ್ತದೆ, ಮತ್ತೆ ಜೋಡಿಸಿಕೊಂಡರೆ ಬಿಟ್ಟ ಪುಟದಲ್ಲೇ ಸಿಗುತ್ತದೆ. ಪ್ರಶ್ನೆ-ಉತ್ತರದ ಓಡಾಟವೂ ಮಾಳಿಗೆಯೊಳಗೇ ಮುಗಿಯುವುದರಿಂದ ಐದನೇ ಪಾಠದ ತಡವೂ ಬಹಳ ಮಟ್ಟಿಗೆ ಇಳಿಯುತ್ತದೆ. ಕರೆಂಟಿನ ಭರವಸೆ ಇಲ್ಲದ ಊರಿನಲ್ಲಿ ಗಂಟೆಗಟ್ಟಲೆ ನಡೆಯುವ ಕೆಲಸಕ್ಕೆ ಎಕ್ಸ್‌ಪ್ರಾ ಇಲ್ಲದೆ ನಾನು ಕೈಹಾಕುವುದಿಲ್ಲ. ಮಾಳಿಗೆಯ ಯಂತ್ರ, ರೂಟರು, ನಡುವಿನ ಸ್ವಿಚ್ಚು ಮೂರೂ ಇನ್ವರ್ಟರಿನ ಮೇಲಿರಲಿ. ಒಂದನ್ನು ಬಿಟ್ಟರೂ ಕರೆಂಟು ಹೋದಾಗ ಜಗಲಿಯಿಂದ ಕೆಲಸ ಮುಂದುವರಿಸಲಾಗದು.

9. ಇಡೀ ಡೆಸ್ಕ್‌ಟಾಪ್ ಬೇಕಾದಾಗ

ವಿಎನ್‌ಸಿ ಹುಟ್ಟಿದ್ದು ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ, ಆಲಿವೆಟ್ಟಿ ಸಂಶೋಧನಾಲಯದಲ್ಲಿ. ಅದನ್ನು ಕಟ್ಟಿದವರಲ್ಲಿ ಒಬ್ಬರಾದ ಕ್ವೆಂಟಿನ್ ಸ್ಟಾಫರ್ಡ್-ಫ್ರೇಸರ್ ಅದಕ್ಕೂ ಮೊದಲು, 1991ರಲ್ಲಿ, ವಿಶ್ವವಿದ್ಯಾಲಯದ ಕಂಪ್ಯೂಟರ್ ಪ್ರಯೋಗಾಲಯದ ಕಾಫಿ ಪಾತ್ರೆಯ ಚಿತ್ರವನ್ನು ಸಹೋದ್ಯೋಗಿಗಳ ಪರದೆಯ ಮೇಲೆ ಎಕ್ಸ್ ವಿಂಡೋದಲ್ಲಿ ತೋರಿಸುವ ಪ್ರೋಗ್ರಾಂ ಬರೆದಿದ್ದವರು. ಕಾಫಿ ಇದೆಯೋ ಇಲ್ಲವೋ ನೋಡಲು ಮಹಡಿ ಹತ್ತಿಳಿಯುವುದು ತಪ್ಪಿತು. ವಿಎನ್‌ಸಿಯ ತಿರುಳು ಸರಳ: ಪರದೆಯ ಯಾವ ಚೌಕ ಬದಲಾಯಿತೋ ಅದನ್ನು ಕಳಿಸು, ಕೀಲಿ ಮತ್ತು ಮೌಸಿನ ಚಲನೆಯನ್ನು ವಾಪಸು ಕಳಿಸು. ಅಷ್ಟು ಸರಳವಾಗಿರುವುದರಿಂದಲೇ ಯಾವ ಯಂತ್ರದಲ್ಲಾದರೂ ನಡೆಯುತ್ತದೆ.

ಎರಡು ಎಚ್ಚರಿಕೆ. ಅದರ ಮೂಲ ಪಾಸ್‌ವರ್ಡ್ ವ್ಯವಸ್ಥೆ ಮೊದಲ 8 ಅಕ್ಷರಗಳನ್ನಷ್ಟೇ ನೋಡುತ್ತದೆ, ಮತ್ತು ಮೂಲ ರೂಪದಲ್ಲಿ ಚಿತ್ರ ಬಟಾಬಯಲಾಗಿ ಹೋಗುತ್ತದೆ. ಹಾಗಾಗಿ ವಿಎನ್‌ಸಿ ಸರ್ವರನ್ನು ಲೋಕಲ್‌ಹೋಸ್ಟಿಗಷ್ಟೇ ಕಟ್ಟಿ, 5901ರಂಥ ಅದರ ಪೋರ್ಟನ್ನು ಎಸ್‌ಎಸ್‌ಎಚ್ ಸುರಂಗದಲ್ಲಿ ತನ್ನಿ. ಇಲ್ಲಿ ಸರ್ವರ್ ಎಂಬುದು ದೂರದ ಯಂತ್ರ, ಎಕ್ಸ್‌ಗೆ ಉಲ್ಟಾ. ಮಾನಿಟರ್ ಜೋಡಿಸದ ರಾಸ್ಪ್‌ಬೆರಿ ಪೈಯಲ್ಲಿ ಡೆಸ್ಕ್‌ಟಾಪ್ ತೋರದೆ ಹೋದರೆ ಅದರ ಸಂರಚನೆಯಲ್ಲಿ ಪರದೆಯ ಅಳತೆಯನ್ನು ನೀವೇ ಗೊತ್ತುಮಾಡಿ.

ವಿಂಡೋಸ್ ಯಂತ್ರಕ್ಕೆ ಆರ್‌ಡಿಪಿಯೇ ಮೇಲು. ಧ್ವನಿ, ಕ್ಲಿಪ್‌ಬೋರ್ಡ್, ಡ್ರೈವ್ ಎಲ್ಲ ಜೊತೆಯಲ್ಲೇ ಬರುತ್ತವೆ, ಪರದೆ ಮುಂದಿನ ಯಂತ್ರದ ಅಳತೆಗೆ ಹೊಂದಿಕೊಳ್ಳುತ್ತದೆ. ಹೋಂ ಆವೃತ್ತಿಯ ವಿಂಡೋಸಿಗೆ ಹೊರಗಿನಿಂದ ಆರ್‌ಡಿಪಿಯಲ್ಲಿ ಬರಲಾಗದು, ಪ್ರೊ ಆವೃತ್ತಿ ಬೇಕು. ಜಗಲಿಯ ಲಿನಕ್ಸಿನಲ್ಲಿ ರೆಮಿನಾ ಇದ್ದರೆ ಸಾಕು.

ಒಳಕೋಣೆಯ ಹಳೆಯ ಯಂತ್ರವನ್ನು ನಾನು ಉಳಿಸಿಕೊಂಡಿರುವುದು ಹೀಗೆ ದೂರದಿಂದ ಬಳಸಬಹುದು ಎಂದೇ. ಯುನಿಕೋಡ್‌ಗೆ ಮೊದಲಿನ ಕನ್ನಡ ಫಾಂಟುಗಳಲ್ಲಿ ಜೋಡಿಸಿದ ಪುಸ್ತಕಗಳು ಇವತ್ತಿಗೂ ಮರುಮುದ್ರಣಕ್ಕೆ ಬರುತ್ತವೆ. ಆ ಪೇಜ್‌ಮೇಕರ್ ಫೈಲುಗಳನ್ನು ಬೇರೆ ಯಂತ್ರದಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿ ಕಾಣುತ್ತದೆ. ಆ ಫಾಂಟು, ಆ ಪ್ರೋಗ್ರಾಂ, ಆ ಹಳೆಯ ವಿಂಡೋಸ್ ಮೂರೂ ಒಟ್ಟಿಗೆ ಇದ್ದರಷ್ಟೇ ಪುಟ ಮೊದಲಿನಂತೆ ನಿಲ್ಲುತ್ತದೆ. ಅವನ್ನು ಒಂದೇ ಯಂತ್ರದಲ್ಲಿ ಕಾಪಾಡಿಕೊಂಡು ವಿಂಡೋವನ್ನು ಬೇಕಾದ ಕಡೆ ತರಿಸಿಕೊಳ್ಳುವುದು, ಎಲ್ಲವನ್ನೂ ಹೊಸ ಯಂತ್ರಕ್ಕೆ ಸಾಗಿಸಲು ಹೆಣಗುವುದಕ್ಕಿಂತ ಎಷ್ಟೋ ವಾಸಿ. ವಿಂಡೋಸ್ ಎಕ್ಸ್‌ಪಿಗೆ 2014ರಿಂದ ವಾಡಿಕೆಯ ಭದ್ರತಾ ತಿದ್ದುಪಡಿಗಳು ನಿಂತಿವೆ. ಹಾಗಾಗಿ ರೂಟರಿನಲ್ಲಿ ಆ ಯಂತ್ರಕ್ಕೆ ಇಂಟರ್ನೆಟ್ ಕಡಿದುಹಾಕಿ, ಮನೆಯೊಳಗಿನ ಸಂಪರ್ಕ ಮಾತ್ರ ಉಳಿಸಿ.

10. ವಿಂಡೋವನ್ನೇ ತರಿಸಬೇಕೇ ಎಂದು ಕೇಳಿಕೊಳ್ಳಿ

ಸ್ಕ್ಯಾನರ್ ಮಾಳಿಗೆಯ ಯಂತ್ರಕ್ಕೆ ಜೋಡಿಸಿದೆ ಎಂದು ಸ್ಕ್ಯಾನಿಂಗ್ ಪ್ರೋಗ್ರಾಮಿನ ವಿಂಡೋ ತರಿಸುವ ಅಗತ್ಯವಿಲ್ಲ. ಸೇನ್ ವ್ಯವಸ್ಥೆಯ ಸೇನ್‌ಡಿ ಸೇವೆ ಚಾಲೂ ಮಾಡಿದರೆ ಸ್ಕ್ಯಾನರೇ ನೆಟ್‌ವರ್ಕಿನ ಮೇಲೆ ಬರುತ್ತದೆ, ಜಗಲಿಯ ಪ್ರೋಗ್ರಾಂ ಅದನ್ನು ತನ್ನದೆಂಬಂತೆ ಬಳಸುತ್ತದೆ. ಪ್ರಿಂಟರಿಗೆ ಕಪ್ಸ್ ಇದೆ. ಬರೀ ಫೈಲು ತಿದ್ದುವುದಿದ್ದರೆ ಎಸ್‌ಎಸ್‌ಎಚ್‌ಎಫ್‌ಎಸ್‌ನಿಂದ ಮಾಳಿಗೆಯ ಫೋಲ್ಡರನ್ನು ಇಲ್ಲಿಗೆ ಜೋಡಿಸಿ ಇಲ್ಲಿನ ಎಡಿಟರಿನಲ್ಲೇ ತೆರೆಯಿರಿ. ಭಾರದ ಲೆಕ್ಕ ಅಲ್ಲಿದ್ದರೆ ವಿಂಡೋ ತನ್ನಿ, ಸರಕು ಮಾತ್ರ ಅಲ್ಲಿದ್ದರೆ ಸರಕನ್ನು ತನ್ನಿ.

ವಿಂಡೋ ತಂದಾಗ ಫೈಲು ತೆರೆಯುವ ಪೆಟ್ಟಿಗೆ ತೋರಿಸುವುದು ಮಾಳಿಗೆಯ ಡಿಸ್ಕನ್ನು, 'ಸೇವ್' ಆಗುವುದೂ ಅಲ್ಲೇ. ಜಗಲಿಯ ಪೆನ್‌ಡ್ರೈವ್ ಅದಕ್ಕೆ ಕಾಣುವುದಿಲ್ಲ. ಎಕ್ಸ್ ಧ್ವನಿಯನ್ನು ತರುವುದಿಲ್ಲ. ಬೇಕಾದರೆ ಪಲ್ಸ್‌ಆಡಿಯೊದ ನೆಟ್‌ವರ್ಕ್ ಭಾಗವನ್ನು ಬೇರೆಯಾಗಿ ಹೊಂದಿಸಬೇಕು. ಕಾಪಿ ಮಾಡಿದ್ದು ಎಕ್ಸ್‌ನಲ್ಲಿ ಉಳಿದಿರುವುದು ಕಾಪಿ ಮಾಡಿದ ಪ್ರೋಗ್ರಾಮಿನ ಬಳಿಯೇ, ಅಂಟಿಸುವ ಮೊದಲು ಅದನ್ನು ಮುಚ್ಚಿದರೆ ಪಠ್ಯ ಹೋಯಿತು.

11. ವೇಲ್ಯಾಂಡ್ ಬಂದಿದೆ

ಕ್ರಿಸ್ಟಿಯನ್ ಹೋಗ್ಸ್‌ಬರ್ಗ್ 2008ರಲ್ಲಿ ಶುರು ಮಾಡಿದ ವೇಲ್ಯಾಂಡ್ ಈಗ ಹಲವು ಲಿನಕ್ಸ್‌ಗಳಲ್ಲಿ ಎಕ್ಸ್‌ನ ಜಾಗ ಹಿಡಿದಿದೆ. ನಾಲ್ಕನೇ ಪಾಠದ ಗೋಡೆ ಅದರಲ್ಲಿದೆ, ಒಂದು ಪ್ರೋಗ್ರಾಂ ಇನ್ನೊಂದರ ಕೀಲಿ ಕದಿಯಲಾರದು. ನೆಟ್‌ವರ್ಕಿನ ಮೇಲೆ ವಿಂಡೋ ಕಳಿಸುವ ಏರ್ಪಾಡು ಮಾತ್ರ ಅದರ ಮೂಲದಲ್ಲಿಲ್ಲ. ಇದರಿಂದ ಗಾಬರಿಯಾಗಬೇಕಿಲ್ಲ. ಜಗಲಿಯಲ್ಲಿ ವೇಲ್ಯಾಂಡ್ ಇದ್ದರೂ ಒಳಗೆ ಎಕ್ಸ್‌ವೇಲ್ಯಾಂಡ್ ಎಂಬ ಎಕ್ಸ್ ಸರ್ವರ್ ಇರುವುದರಿಂದ ಎಸ್‌ಎಸ್‌ಎಚ್ ದಾರಿ ಹಾಗೆಯೇ ನಡೆಯುತ್ತದೆ. ವೇಲ್ಯಾಂಡ್ ಪ್ರೋಗ್ರಾಂಅನ್ನೇ ತರಿಸಲು ವೇಪೈಪ್ ಇದೆ. ಎರಡೂ ಯಂತ್ರಗಳಲ್ಲಿ ಅದನ್ನು ಹಾಕಿ, ಎಸ್‌ಎಸ್‌ಎಚ್ ಆಜ್ಞೆಯ ಮೊದಲಿಗೆ ವೇಪೈಪ್ ಎಂದು ಸೇರಿಸಿದರೆ ಮುಗಿಯಿತು. ಗ್ನೋಮ್ ಡೆಸ್ಕ್‌ಟಾಪಿನಲ್ಲಿ ಆರ್‌ಡಿಪಿ ಒಳಗೊಂಡೇ ಬರುತ್ತದೆ.

12. ರೂಟರಿನಲ್ಲಿ ಪೋರ್ಟ್ ತೆರೆಯಬೇಡಿ

ಬೇರೆ ಊರಿಗೆ ಹೋದಾಗಲೂ ಮನೆಯ ಯಂತ್ರ ಬೇಕು ಎನ್ನುವುದು ಸಹಜ ಆಸೆ. ಅದಕ್ಕಾಗಿ ಆರ್‌ಡಿಪಿಯ 3389, ವಿಎನ್‌ಸಿಯ 5900 ಪೋರ್ಟುಗಳನ್ನು ಇಂಟರ್ನೆಟ್ಟಿಗೆ ತೆರೆದಿಡುವುದು ಅಪಾಯ. ತೆರೆದ ಪೋರ್ಟುಗಳನ್ನು ಹುಡುಕುವ ಪ್ರೋಗ್ರಾಂಗಳು ಹಗಲಿರುಳು ಇಂಟರ್ನೆಟ್ಟಿನ ವಿಳಾಸಗಳನ್ನೆಲ್ಲ ತಟ್ಟುತ್ತಿರುತ್ತವೆ. 2019ರಲ್ಲಿ ಹೊರಬಿದ್ದ ಬ್ಲೂಕೀಪ್ ಎಂಬ ದೋಷದಿಂದ ಹಳೆಯ ವಿಂಡೋಸ್‌ಗಳ ಆರ್‌ಡಿಪಿಗೆ ಪಾಸ್‌ವರ್ಡ್ ಇಲ್ಲದೆಯೇ ನುಗ್ಗಲು ಸಾಧ್ಯವಿತ್ತು. ವೈರ್‌ಗಾರ್ಡ್ ಎಂಬ ವಿಪಿಎನ್ ಹಾಕಿ ಮನೆಯ ನೆಟ್‌ವರ್ಕಿನ ಒಳಗೆ ಬಂದು, ಆಮೇಲೆ ಎಲ್ಲವನ್ನೂ ಮನೆಯಲ್ಲಿದ್ದಂತೆಯೇ ಮಾಡಿ.

13. ಮನೆಯವರಿಗೂ ನಡೆಯುವಂತಿರಲಿ

ನಮ್ಮಲ್ಲಿ ಕರಡು ತಿದ್ದುವವರು ಅಪ್ಪ. ಕಪ್ಪು ಟರ್ಮಿನಲ್‌ನಲ್ಲಿ ಆಜ್ಞೆ ಬರೆಯಿರಿ ಎಂದು ಅವರಿಗೆ ಹೇಳುವುದು ನ್ಯಾಯವಲ್ಲ. ಅವರ ಯಂತ್ರದಲ್ಲಿ ಎಸ್‌ಎಸ್‌ಎಚ್ ಕೀಲಿ ಮಾಡಿಟ್ಟು, ಅದರ ಸಾರ್ವಜನಿಕ ಭಾಗವನ್ನು ಮಾಳಿಗೆಗೆ ಸೇರಿಸಿದ್ದೇನೆ, ಪಾಸ್‌ವರ್ಡ್ ಕೇಳುವುದಿಲ್ಲ. ಡೆಸ್ಕ್‌ಟಾಪಿನ ಮೇಲೆ 'ಕರಡು' ಎಂದು ಕನ್ನಡದಲ್ಲೇ ಹೆಸರಿರುವ ಒಂದು ಐಕಾನ್. ಅದನ್ನು ಒತ್ತಿದರೆ ಯಂತ್ರ ಮಲಗಿದ್ದರೆ ಎಬ್ಬಿಸಿ, ಎಕ್ಸ್‌ಪ್ರಾದ ಹಳೆಯ ಕೊಂಡಿ ಇದ್ದರೆ ಅದನ್ನೇ ಹಿಡಿದು, ಇಲ್ಲದಿದ್ದರೆ ಹೊಸದು ತೆರೆಯುವ ನಾಲ್ಕು ಸಾಲಿನ ಸ್ಕ್ರಿಪ್ಟ್ ಓಡುತ್ತದೆ. ಅಕ್ಷರ ದೊಡ್ಡದಾಗಿ ಕಾಣಲು ಎಕ್ಸ್‌ಪ್ರಾದ ಡೆಸ್ಕ್‌ಟಾಪ್ ಸ್ಕೇಲಿಂಗ್ ಆಯ್ಕೆ ಕೊಟ್ಟಿದ್ದೇನೆ. ಮಾಳಿಗೆಯಿಂದ ಬಂದ ವಿಂಡೋಗಳ ತಲೆಪಟ್ಟಿಯಲ್ಲಿ ಯಂತ್ರದ ಹೆಸರೂ ಬರುವಂತೆ ಮಾಡಿದೆ. ತೆರೆದಿರುವುದು ಇಲ್ಲಿನ ಫೈಲೋ ಅಲ್ಲಿನದೋ ಎಂದು ಅವರು ಅಲ್ಲೇ ನೋಡಿಕೊಳ್ಳುತ್ತಾರೆ, ನನ್ನನ್ನು ಕರೆಯುವ ಪ್ರಮೇಯ ಬರುವುದಿಲ್ಲ.